ಹೆಣ್ಣಿನ ಪಾರ್ಟು ಬೇಕು, ಹಾಡುವ ಹೆಣ್ಣು ಬೇಡ: ಧಾರವಾಡ ಸೀಮೆಯ ಒಂದು ಹಳೆಯ ಜಗಳ

ಹಿಂದೂಸ್ತಾನಿ ಗಾಯಕ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ನಾಟಕದಲ್ಲಿ ಸೀರೆ ಉಟ್ಟು ಹೆಣ್ಣಾಗಿ ಹಾಡಿ ಹೆಸರು ಮಾಡಿದವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ದನಿಯನ್ನು ಮುಖ ನೋಡದೆ ಕೇಳಿದರೆ ಗಂಡಸಿನದೇ ಅನ್ನಿಸುತ್ತದೆ. ಒಂದೇ ಗುರುಮನೆಯ ಗುರು, ಶಿಷ್ಯೆ ಇವರು. ಇಬ್ಬರನ್ನೂ ನಮ್ಮ ಜನ ತಲೆಮೇಲೆ ಹೊತ್ತರು, ನಿಜ. ಆದರೆ ಅವರಲ್ಲಿ ಒಬ್ಬರು ಮಾತ್ರ ಅದಕ್ಕೆ ಮೊದಲು ಬೀದಿಯಲ್ಲಿ ಬೈಸಿಕೊಳ್ಳಬೇಕಾಯಿತು.

ಇದರ ಬೇರು ಕಂಪನಿ ನಾಟಕದಲ್ಲಿದೆ. ಮರಾಠಿ ಮಂಡಳಿಗಳು ಈ ಭಾಗದಲ್ಲಿ ಆಡಿ ಹಣ, ಹೆಸರು ಎರಡನ್ನೂ ಒಯ್ಯುತ್ತಿದ್ದ ಕಾಲ ಅದು. 1870ರ ದಶಕದಲ್ಲಿ ನಾಟಕಕಾರ ಶಾಂತಕವಿಗಳು ಗದಗದಲ್ಲಿ ಕನ್ನಡದ್ದೇ ಮಂಡಳಿ ಕಟ್ಟಿದರು. ಪಾರ್ಟು ಮಾಡುವವರೆಲ್ಲ ಗಂಡಸರೇ. ಹಳ್ಳಿಯ ದೊಡ್ಡಾಟದಲ್ಲೂ ಹಾಗೇ ಇದ್ದುದರಿಂದ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಮರ್ಯಾದಸ್ಥರ ಮನೆಯ ಹೆಣ್ಣು ರಂಗ ಹತ್ತಬಾರದು ಎಂಬುದು ದೊಡ್ಡ ಕಾರಣ. ಇನ್ನೊಂದು ಕಾರಣ ದನಿಯದು. ಮೈಕ್ ಇರಲಿಲ್ಲ. ಕಾಲುಪೇಟಿಯ, ಅಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂನ, ಏರು ಸ್ವರಕ್ಕೆ ಹಾಡಿ ಕೊನೆಯ ಸಾಲಿಗೂ ಮುಟ್ಟಿಸಬೇಕು. ಮೀಸೆ ಚಿಗುರದ ಹುಡುಗರಿಗೆ ಆದ್ದರಿಂದಲೇ ಜಾಸ್ತಿ ಬೇಡಿಕೆ. ದನಿ ಒಡೆದರೆ ಪಾರ್ಟೂ ಹೋಗುತ್ತಿತ್ತು. ರಾಮಭಾವು ಅವರಿಗೂ ದನಿ ಒಡೆಯಿತು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಹತ್ತಿರ ವರ್ಷಗಟ್ಟಲೆ ತಾಲೀಮು ಮಾಡಿ ಅದನ್ನು ಮತ್ತೆ ಕಟ್ಟಿಕೊಂಡರು.

ಇದೇ ಹೊತ್ತಿಗೆ ಮರಾಠಿ ರಂಗಭೂಮಿಯಲ್ಲಿ ಹೆಣ್ಣಿನ ಪಾರ್ಟು ಮಾಡುವ ನಟ ಬಾಲಗಂಧರ್ವರ ಹವಾ. ಅವರು ಸೀರೆ ಉಟ್ಟ ರೀತಿ, ಹೂ ಮುಡಿದ ರೀತಿ ನೋಡಿ ಮನೆಯ ಹೆಂಗಸರು ಹಾಗೇ ಮಾಡುತ್ತಿದ್ದರು. ಹೆಣ್ಣು ಹೇಗಿರಬೇಕು ಅನ್ನುವುದನ್ನು ಗಂಡಸೊಬ್ಬ ತೋರಿಸಿದರೆ ಎಲ್ಲರಿಗೂ ಒಪ್ಪಿಗೆ. ಅದೇ ಹಾಡನ್ನು ಹೆಣ್ಣೊಬ್ಬಳು ಹಾಡಿ ಹೊಟ್ಟೆ ಹೊರೆದರೆ ಅವಳಿಗೆ ಕೆಟ್ಟ ಹೆಸರು. ಎಂಥಾ ನ್ಯಾಯ ಇದು, ಅಲ್ವಾ?

ಲಕ್ಷ್ಮೇಶ್ವರದ ಬಚ್ಚಾಸಾನಿ ಇದನ್ನು ಪೂರ್ತಿ ತಿರುಗಿಸಿದರು. ಹೆಂಗಸರದೇ ಕಂಪನಿ ಕಟ್ಟಿದರು. ಗಂಡು ಪಾರ್ಟನ್ನೂ ಹೆಂಗಸರೇ ಮಾಡಿದರು. ಶಾಂತಕವಿಗಳ ಹೆಸರು ಕೇಳಿದವರು ಬಹಳ ಮಂದಿ, ಬಚ್ಚಾಸಾನಿಯ ಹೆಸರು ಕೇಳಿದವರು ಕಡಿಮೆ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಹುಡುಗಿ ಪಾಠಕ್ಕೆ ಹೊರಟರೆ ಓಣಿಯಲ್ಲಿ 'ಗಾನೇವಾಲಿ', ಅಂದರೆ ಹಾಡುವವಳು, ಎಂದು ಹಂಗಿಸುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದರು. ಜಾತಿಯ ಕಾರಣಕ್ಕೆ ಊಟವಾದ ಮೇಲೆ ಎಂಜಲೆಲೆ ತೆಗೆಯಲು ತಮಗೆ ಹೇಳಿಯಾರು ಎಂದು ಅಂದು ಹೆದರಿದ್ದನ್ನು ಮುಂದೆ ಅವರೇ ನೆನಪು ಮಾಡಿಕೊಂಡಿದ್ದಾರೆ. ಶುರುವಿನ ಗ್ರಾಮಫೋನ್ ತಟ್ಟೆಗಳ ಮೇಲೆ ಅವರ ಹೆಸರು 'ಗಾಂಧಾರಿ'. ಆ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಏರು ದನಿ. ಆಮೇಲೆ ಗಂಟಲಿಗೆ ಚಿಕಿತ್ಸೆ ಆಯಿತು, ದನಿ ಇಳಿಯಿತು. ಹಾಡುವ ಹೆಣ್ಣೆಂದರೆ ಕೋಗಿಲೆ ಕಂಠ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇದು ಸಣ್ಣ ಪೆಟ್ಟಲ್ಲ. ಅವರು ಆ ದನಿಯನ್ನು ಮರೆಮಾಚಲಿಲ್ಲ. ಲಘು ಹಾಡು ಬಿಟ್ಟು ಹಿಂದೂಸ್ತಾನಿಯ ಖಯಾಲ್ ಗಾಯನಕ್ಕೆ ಅದನ್ನು ಪಳಗಿಸಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ ರಾತ್ರಿ ರೈಲಿಗೆ ಮರಳುತ್ತಿದ್ದರು. 2002ರಲ್ಲಿ ಪದ್ಮವಿಭೂಷಣ ಬಂತು. ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ, ಹೆಂಗಸರು ಮಾತ್ರ ಹೆಸರಿನ ಕೊನೆಗೆ ಬರೀ 'ಬಾಯಿ'ಗಳಾಗೇ ಉಳಿದರು ಎಂದು ಅವರು ಹೇಳುತ್ತಿದ್ದರು. ಸುಮ್ನೆ ಆಡಿದ ಮಾತಲ್ಲ ಅದು.

ಕಂಪನಿ, ಕಛೇರಿಗಳಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ಹಳ್ಳಿಯಲ್ಲಿ ವಾದ ಹೂಡಿ ಹಾಡುವ ಗೀಗೀ ಪದದವರು ನೇರವಾಗಿ ಕೇಳಿದರು: ಗಂಡು ಮೇಲೋ, ಹೆಣ್ಣು ಮೇಲೋ? ಹರದೇಶಿ ಮೇಳದವರು ಗಂಡಿನ ಪಕ್ಷ, ಶಿವನ ಪಕ್ಷ. ನಾಗೇಶಿ ಮೇಳದವರು ಹೆಣ್ಣಿನ ಪಕ್ಷ, ಶಕ್ತಿಯ ಪಕ್ಷ. ಡಪ್ಪು, ತುಂತುಣಿ, ತಾಳ ಹಿಡಿದು ರಾತ್ರಿಯಿಡೀ ಸವಾಲ್-ಜವಾಬು. ಪುರಾಣವೂ ಬರುತ್ತದೆ, ಅತ್ತೆ-ಸೊಸೆ ಜಗಳವೂ ಬರುತ್ತದೆ. ಮೊದಲು ಎರಡೂ ಕಡೆ ಗಂಡಸರೇ ಹಾಡುತ್ತಿದ್ದರು. ಬರಬರುತ್ತ ನಾಗೇಶಿ ಮೇಳಗಳಲ್ಲಿ ಹೆಂಗಸರೇ ನಿಂತರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ದೊಡ್ಡ ತಿರುವು ಇದೇ. ಹೆಣ್ಣಿನ ವಾದವನ್ನು ಹೆಣ್ಣೇ ಹೂಡಿದಳು, ಅದೂ ಊರ ಮುಂದೆ, ಡಪ್ಪು ಬಡಿದುಕೊಂಡು.

ಈಗ ಜಾತ್ರೆಗಳಲ್ಲಿ ಡಿಜೆ ಜಾನಪದದ ಅಬ್ಬರ. ಕೈಕೊಟ್ಟ ಹುಡುಗಿಯನ್ನು ಹಳಿಯುವ ಹಾಡುಗಳೇ ಅದರಲ್ಲಿ ತುಂಬ. ಅವಳು ತಿರುಗಿ ಹಾಡುವ ಹಾಡು ಅಪರೂಪ. ಹರದೇಶಿಯವನು ಹೆಣ್ಣನ್ನು ಎಷ್ಟೇ ಹಳಿದರೂ ಮುಂದಿನ ಸರದಿ ನಾಗೇಶಿಯದು. ಆ ಸರದಿಯನ್ನು ಯಾರೂ ಕಸಿಯುವಂತಿಲ್ಲ. ಜಾತ್ರೆ ಕಮಿಟಿಯವರು ಡಿಜೆಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ರಾತ್ರಿಯ ಖರ್ಚನ್ನು ಈ ಮೇಳಗಳಿಗೆ ಕೊಡಲಿ ಎಂದು ನಾನು ಕೇಳುವುದು ಇದಕ್ಕೇ.