ಆಟಕ್ಕುಂಟು, ಗಾಯದ ಲೆಕ್ಕಕ್ಕೂ ಉಂಟು

ಕಳೆದ ವಾರ ತುಮಕೂರಿನಲ್ಲಿ ಹಳೇ ಹುಡುಗರು, ಈಗಿನ ಹುಡುಗರು ಸೇರಿ ಸುಮ್ನೆ ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಆಡಿದೆವು. ಸಿಮೆಂಟ್ ಕೋರ್ಟು. ಇಬ್ಬರಿಗೆ ಕಾಲು ಉಳುಕಿತು, ಅದರಲ್ಲಿ ಒಬ್ಬ ನಾನೇ. "ಇಂಥ ಆಟಕ್ಕುಂಟು ಲೆಕ್ಕಕ್ಕಿಲ್ಲ ಮ್ಯಾಚ್‌ನಲ್ಲೇ ಪೆಟ್ಟು ಜಾಸ್ತಿ ಕಣಯ್ಯ" ಎಂದರು ಹಿರಿಯರೊಬ್ಬರು. ನಿಜವಾ? ಕಾಲಿಗೆ ಐಸ್ ಇಟ್ಟುಕೊಂಡು ಕೂತಾಗ ಮಾಡಿದ ನೋಟ್ಸ್ ಇದು.

ಎಲ್ಲರ ಬಾಯಲ್ಲೂ ಬರುವ ಉದಾಹರಣೆ ಪಾಲ್ ಜಾರ್ಜ್, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ. 2014ರ ಆಗಸ್ಟ್ 1, ಲಾಸ್ ವೇಗಸ್. ಅಮೆರಿಕ ತಂಡದವರು ತಮ್ಮತಮ್ಮಲ್ಲೇ ಎರಡು ಪಾಳಿ ಮಾಡಿಕೊಂಡು ಆಡುತ್ತಿದ್ದರು. ಜೇಮ್ಸ್ ಹಾರ್ಡನ್ ಬುಟ್ಟಿಯ ಹತ್ತಿರಕ್ಕೆ ಬಂದು ಹಾಕುತ್ತಿದ್ದ ಚೆಂಡು (ಲೇಅಪ್) ತಡೆಯಲು ಹಾರಿದ ಜಾರ್ಜ್ ಕಾಲು ಬೋರ್ಡಿನ ಕಂಬದ ಬುಡಕ್ಕೆ ಬಡಿದು ಮುರಿಯಿತು. ಮುಂದಿನ ಸೀಸನ್‌ನಲ್ಲಿ ಆಡಿದ್ದು 6 ಪಂದ್ಯ ಅಷ್ಟೇ. ಬ್ಲೇಕ್ ಗ್ರಿಫಿನ್ ಕಥೆಯೂ ಹಾಗೇ: 2009ರಲ್ಲಿ ಸೀಸನ್‌ಗೆ ಮುಂಚಿನ ಕೊನೆಯ ಅಭ್ಯಾಸ ಪಂದ್ಯದಲ್ಲಿ ಮೊಣಕಾಲು ಚಿಪ್ಪಿಗೆ ಪೆಟ್ಟು, ಇಡೀ ವರ್ಷ ಹೋಯಿತು. 2012ರ ಆಲ್‌ಸ್ಟಾರ್ ಪಂದ್ಯದಲ್ಲಿ (ಲೀಗ್‌ನ ತಾರೆಯರು ವರ್ಷಕ್ಕೊಮ್ಮೆ ಆಡುವ ಪ್ರದರ್ಶನ ಪಂದ್ಯ) ಡ್ವೇನ್ ವೇಡ್ ಮಾಡಿದ ಫೌಲ್‌ಗೆ ಕೋಬಿ ಬ್ರಯಂಟ್ ಮೂಗು ಮುರಿಯಿತು.

ಇವೆಲ್ಲ ನೆನಪಲ್ಲಿ ಉಳಿಯುವ ಗಾಯಗಳು. ನೆನಪು ಬೇರೆ, ಪ್ರಮಾಣ ಬೇರೆ. ಹೈವೇಯಲ್ಲಿ ಬೈಕ್ ಬೀಳುವುದು ಜಾಸ್ತಿ, ದೇವರಾಯನದುರ್ಗದ ತಿರುವಲ್ಲಿ ಕಡಿಮೆ ಅಂದ್ಕೊಳ್ಳಿ, ಹಾಗಂತ ದುರ್ಗದ ರಸ್ತೆ ಸೇಫ್ ಅನ್ನೋಕಾಗುತ್ತಾ? ಎಲ್ಲಿ ಎಷ್ಟು ಬೈಕ್ ಓಡಿದವು ಎಂದು ಮೊದಲು ಕೇಳಬೇಕು, ಅಲ್ವಾ?

ಆಟದಲ್ಲಿ ಆ ಅಳತೆಯೇ ಆಟಗಾರ-ಗಂಟೆ, ಅಂದರೆ ಆಡಿದವರೆಲ್ಲರ ಆಟದ ಸಮಯ ಕೂಡಿಸಿದ್ದು. ಎನ್‌ಬಿಎ ಪಂದ್ಯ 48 ನಿಮಿಷ, ಕೋರ್ಟಿನಲ್ಲಿ ಯಾವಾಗಲೂ 10 ಜನ. ಬದಲಿ ಆಟಗಾರರು ಎಷ್ಟು ಬಂದುಹೋದರೂ ಒಟ್ಟು 480 ನಿಮಿಷ, ಅಂದರೆ 8 ಗಂಟೆ. ಸೀಸನ್‌ನ 1,230 ಪಂದ್ಯಕ್ಕೆ, ಹೆಚ್ಚುವರಿ ಸಮಯ ಬಿಟ್ಟರೆ, 9,840 ಗಂಟೆ. 48 ನಿಮಿಷದ ಒಂದು ಆಲ್‌ಸ್ಟಾರ್ ಪಂದ್ಯಕ್ಕೆ ಬರೀ 8. ಅಪಾಯ ಎರಡೂ ಕಡೆ ಒಂದೇ ಇದ್ದರೂ ಸೀಸನ್‌ನಲ್ಲಿ 1,230 ಗಾಯ ಆದರೆ ಇಲ್ಲಿ ಆಗುವುದು ಒಂದು. ಹಾಗಾಗಿ ಒಂದು ವರ್ಷದ ಆಲ್‌ಸ್ಟಾರ್ ಹಿಡಿದುಕೊಂಡು ಏನೂ ಹೇಳೋಕಾಗಲ್ಲ, ಹತ್ತಾರು ವರ್ಷದ್ದು ಕೂಡಿಸಬೇಕು.

ನಮ್ಮ ಮ್ಯಾಚ್ 40 ನಿಮಿಷದ್ದು, ಒಟ್ಟು 6 ಗಂಟೆ 40 ನಿಮಿಷ. ಗಾಯ ಎರಡು. ಸಾವಿರ ಗಂಟೆಗೆ ಏರಿಸಿದರೆ 300! ಯಾರಿಗಾದರೂ ತೋರಿಸಿದರೆ ಕೋರ್ಟಿಗೆ ಬೀಗ ಹಾಕಿಸುತ್ತಾರೆ. ಮುಂದಿನ ವಾರ ಯಾರೂ ಬೀಳದಿದ್ದರೆ ಅದೇ ಲೆಕ್ಕ ಸೊನ್ನೆ.

ಇನ್ನು ಆಟದ ಬಿರುಸು. ಎಲ್ಲ ಪ್ರದರ್ಶನ ಪಂದ್ಯವನ್ನೂ ಒಂದೇ ಬಿರುಸಲ್ಲಿ ಆಡುವುದಿಲ್ಲ. 2024ರ ಆಲ್‌ಸ್ಟಾರ್ ಸ್ಕೋರು 211–186. ಯಾರೂ ಡಿಫೆನ್ಸ್ ಮಾಡದಿದ್ದರೆ ಇನ್ನೇನಾಗುತ್ತೆ. ಆದರೆ 2020ರಲ್ಲಿ ಶಿಕಾಗೋದಲ್ಲಿ ಕೊನೆಯ ಭಾಗಕ್ಕೆ ಗಡಿಯಾರ ತೆಗೆದು, 157 ಮೊದಲು ಮುಟ್ಟಿದವರು ಗೆದ್ದಂತೆ ಎಂದು ಇಟ್ಟಾಗ ಅದೇ ಆಟಗಾರರು ಜಿದ್ದಿಗೆ ಬಿದ್ದು ಆಡಿದರು, 157–155ಕ್ಕೆ ಮುಗಿಯಿತು. ಹಾಗಾಗಿ 'ಪ್ರದರ್ಶನ ಪಂದ್ಯ' ಎಂದು ಒಂದೇ ಚೀಲಕ್ಕೆ ತುಂಬುವುದು ನನಗೆ ಸರಿ ಕಾಣುವುದಿಲ್ಲ.

ಪಾಲ್ ಜಾರ್ಜ್ 2016ರ ಆಲ್‌ಸ್ಟಾರ್‌ನಲ್ಲಿ 41 ಅಂಕ ಹೊಡೆದರು. ಕಾಲು ವಾಸಿಯಾಯಿತು ಎನ್ನಲು ನಾನು ಅದನ್ನು ನೋಡುವುದಿಲ್ಲ. ಅದೇ ಸೀಸನ್‌ನಲ್ಲಿ 81 ಪಂದ್ಯ ಆಡಿ ಸರಾಸರಿ 23.1 ಅಂಕ ಗಳಿಸಿದರಲ್ಲ, ಅದನ್ನು ನೋಡುತ್ತೇನೆ.

ನನ್ನ ಕಾಲಿನ ಊತ ಇಳಿದಿದೆ. ಆದರೂ ಬಸ್ ಹತ್ತುವಾಗ ಎಡಗಾಲೇ ಮೊದಲು.