ತಡೆದ ಚೆಂಡಿನ ಲೆಕ್ಕ, ಬಾರದ ಚೆಂಡಿನ ಲೆಕ್ಕ

ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. ಹಾಗಾಗಿ ಶಿವಮೊಗ್ಗ ಸೀಮೆಯಲ್ಲಿ ಆಟದ ಮಾತು ಎದ್ದರೆ ಅದು ಕ್ರಿಕೆಟ್ಟಿನದೇ ಆಗಿರುವುದು ಸಹಜ. ಫುಟ್‌ಬಾಲ್ ಪ್ರೇಮಿಗಳು ಇಲ್ಲಿ ಅಲ್ಪಸಂಖ್ಯಾತರು. ಅದಕ್ಕೇ ಇರಬೇಕು, ಇರುವಷ್ಟು ಮಂದಿಯ ದನಿ ತುಸು ಜೋರು. ಶನಿವಾರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಪಂದ್ಯ ಮುಗಿದು ತಂಡ ಸೋತಿದ್ದರೆ (ಈಚಿನ ವರ್ಷಗಳಲ್ಲಿ ಇದೇನೂ ಅಪರೂಪವಲ್ಲ) ಮಾತು ಹಳೆಯ ವೈಭವದತ್ತ ಹೊರಳುತ್ತದೆ. ಆಗ ತಪ್ಪದೆ ಬರುವ ಪ್ರಶ್ನೆ: ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಗೋಲ್‌ಕೀಪರ್ ಯಾರು? ನಲವತ್ತೈದು ದಾಟಿದವರು ಪೀಟರ್ ಷ್ಮೈಕೆಲ್ ಎನ್ನುತ್ತಾರೆ. ಮೂವತ್ತರ ಆಸುಪಾಸಿನವರಿಗೆ ಎಡ್ವಿನ್ ವಾನ್ ಡೆರ್ ಸಾರ್. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರು ಡೇವಿಡ್ ಡಿ ಹೇಯಾ ಬಿಟ್ಟು ಬೇರೆ ಹೆಸರು ಕೇಳಲು ತಯಾರಿಲ್ಲ. "ನೀನು ಷ್ಮೈಕೆಲ್ ಆಡಿದ್ದು ನೋಡಿಯೇ ಇಲ್ಲವಲ್ಲ ಮಾರಾಯ" ಎಂಬಲ್ಲಿಗೆ ವಾದ ಮುಗಿಯುವುದಿಲ್ಲ, ಶುರುವಾಗುತ್ತದೆ.

ಮತಗಳು ವಯಸ್ಸಿನ ಪ್ರಕಾರ ಹೀಗೆ ಪಾಲಾಗುವುದು ಕಾಕತಾಳೀಯವಲ್ಲ. ಮನೋವಿಜ್ಞಾನಿಗಳಾದ ಸ್ಟೀವ್ ಯಾನ್ಸೆನ್, ಡೇವಿಡ್ ರೂಬಿನ್ ಮತ್ತು ಮಾರ್ಟಿನ್ ಕಾನ್ವೇ 619 ಮಂದಿ ಡಚ್ಚರನ್ನು ಕೇಳಿದರು: ನಿಮ್ಮ ಪ್ರಕಾರ ಜಗತ್ತಿನ ಐವರು ಶ್ರೇಷ್ಠ ಫುಟ್‌ಬಾಲ್ ಆಟಗಾರರು ಯಾರು? 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕ್ರೈಫ್, ಪೆಲೆ, ಮರಡೋನಾ ಹೆಸರುಗಳು ಮುಂದಿದ್ದವು, ಅದರಲ್ಲಿ ಅಚ್ಚರಿಯಿಲ್ಲ. ಆದರೆ ಉತ್ತರ ಹೇಳಿದವರ ವಯಸ್ಸನ್ನು ಪಕ್ಕಕ್ಕಿಟ್ಟು ನೋಡಿದಾಗ ಒಂದು ವಿನ್ಯಾಸ ಕಾಣಿಸಿತು. ಆಟಗಾರ ತನ್ನ ವೃತ್ತಿಜೀವನದ ನಡುಘಟ್ಟದಲ್ಲಿದ್ದಾಗ ಮತ ಹಾಕುವವರು ಹದಿಹರೆಯದಲ್ಲಿದ್ದರೆ ಅವನ ಹೆಸರು ಹೆಚ್ಚು ಬರುತ್ತಿತ್ತು. ಅತಿ ಹೆಚ್ಚು ಸಲ ಕಂಡ ವಯಸ್ಸು ಹದಿನೇಳು. ಹದಿಹರೆಯದಲ್ಲಿ ಕೇಳಿದ ಹಾಡು, ನೋಡಿದ ಸಿನಿಮಾ, ಮಾಡಿದ ಗೆಳೆತನ ನೆನಪಿನಲ್ಲಿ ಗುಡ್ಡದಂತೆ ಎದ್ದು ನಿಲ್ಲುತ್ತವೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ನಮ್ಮ ಬದುಕಿಗೆ ನೇರ ಸಂಬಂಧವಿಲ್ಲದ ತೀರ್ಪುಗಳನ್ನೂ ಆ ಗುಡ್ಡ ಎಳೆದುಕೊಳ್ಳುತ್ತದೆ ಎಂದು ತೋರಿಸಿದ್ದು ಈ ಅಧ್ಯಯನ. ಷ್ಮೈಕೆಲ್ ಯುನೈಟೆಡ್‌ನಲ್ಲಿದ್ದದ್ದು 1991ರಿಂದ 1999ರವರೆಗೆ, ವಾನ್ ಡೆರ್ ಸಾರ್ 2005ರಿಂದ 2011, ಡಿ ಹೇಯಾ 2011ರಿಂದ 2023. ಮತದಾರರ ಜನ್ಮವರ್ಷ ನೀವೇ ಕೂಡಿ ಕಳೆದು ನೋಡಬಹುದು.

ನೆನಪನ್ನು ನಂಬಬಾರದು ಎಂದಾದರೆ ಅಂಕಿಗಳಿವೆಯಲ್ಲ? ಡಿ ಹೇಯಾ ಪಕ್ಷದವರು ಕೂಡಲೇ ಮುಂದಿಡುವುದು ಕ್ಲೀನ್ ಶೀಟ್ ದಾಖಲೆ, ಅಂದರೆ ಒಂದೂ ಗೋಲು ಬಿಟ್ಟುಕೊಡದ ಪಂದ್ಯಗಳ ಎಣಿಕೆ. 190 ಕ್ಲೀನ್ ಶೀಟ್ ಪಡೆದು ಅವರು ಷ್ಮೈಕೆಲ್ ಅವರ 180ರ ಕ್ಲಬ್ ದಾಖಲೆಯನ್ನು ಮುರಿದರು. ಷ್ಮೈಕೆಲ್ ಪಕ್ಷದವರ ಉತ್ತರವೂ ಸಿದ್ಧವಾಗಿರುತ್ತದೆ: ಡಿ ಹೇಯಾ 545 ಪಂದ್ಯ ಆಡಿದರು, ಷ್ಮೈಕೆಲ್ 398. ಶೇಕಡಾವಾರು ನೋಡಿದರೆ ಒಬ್ಬರದು 35ರ ಹತ್ತಿರ, ಇನ್ನೊಬ್ಬರದು 45. ಇಷ್ಟಕ್ಕೆ ಷ್ಮೈಕೆಲ್ ಗೆದ್ದರು ಎನ್ನುವುದಾದರೆ ಅದು ಅವಸರದ ತೀರ್ಪು. ತೋಟದ ಯಜಮಾನ ಎಷ್ಟು ಕ್ವಿಂಟಲ್ ಅಡಿಕೆ ಮಾರಿದ ಎಂಬುದನ್ನು ಮಾತ್ರ ನೋಡಿ, ಆ ವರ್ಷ ಕೊಳೆರೋಗ ಎಷ್ಟಿತ್ತು ಎಂದು ಕೇಳದೆ ಅವನ ಕೃಷಿಯನ್ನು ಅಳೆದಂತೆ ಅದು. ಕ್ಲೀನ್ ಶೀಟ್ ಇಡೀ ತಂಡದ ಫಸಲು. ಮುಂದೆ ನಿಂತ ರಕ್ಷಣಾ ಆಟಗಾರರು ಎಂಥವರು, ಎದುರಾಳಿಗಳು ಎಷ್ಟು ಸಲ ಗೋಲಿನತ್ತ ಹೊಡೆದರು ಎಂಬುದೆಲ್ಲ ಅದರೊಳಗೆ ಕಲಸಿಹೋಗಿದೆ.

ಅದಕ್ಕಾಗಿ ತಡೆದ ಪ್ರಮಾಣ ನೋಡೋಣ ಎನ್ನಬಹುದು. ಗುರಿಯತ್ತ ಬಂದ ಹೊಡೆತಗಳಲ್ಲಿ ಮೇಲ್ಮಟ್ಟದ ಗೋಲ್‌ಕೀಪರ್ ಸರಿಸುಮಾರು ನೂರಕ್ಕೆ ಎಪ್ಪತ್ತನ್ನು ತಡೆಯುತ್ತಾನೆ. ಒಂದು ಋತುವಿನಲ್ಲಿ 140 ಹೊಡೆತ ಬಂದವು ಎಂದಿಟ್ಟುಕೊಂಡರೆ 98 ತಡೆ. ಇಲ್ಲೊಂದು ಸರಳ ಸಂಖ್ಯಾಶಾಸ್ತ್ರವಿದೆ: ಕೌಶಲ ಕಿಂಚಿತ್ತೂ ಬದಲಾಗದಿದ್ದರೂ ಬರೀ ಅದೃಷ್ಟದಿಂದಲೇ ಈ 98 ಎಂಬುದು ಐದಾರು ಮೇಲೆ ಕೆಳಗೆ ಆಗುವುದು ಮಾಮೂಲು. ಅಂದರೆ ಶೇ 70ರವನು ಒಂದು ವರ್ಷ ಶೇ 74ರವನಾಗಿ ಮೆರೆಯಬಹುದು, ಮರುವರ್ಷ ಶೇ 66ಕ್ಕೆ ಇಳಿದು ಬೈಗುಳ ತಿನ್ನಬಹುದು. ಎರಡೂ ವರ್ಷ ಅವನು ಅದೇ ಮನುಷ್ಯ. 2017ರ ಡಿಸೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧ ಡಿ ಹೇಯಾ 14 ಹೊಡೆತ ತಡೆದು ಪ್ರೀಮಿಯರ್ ಲೀಗ್ ದಾಖಲೆಯನ್ನು ಸರಿಗಟ್ಟಿದರು. ಆರೇಳು ತಿಂಗಳ ನಂತರ, ರಷ್ಯಾದ ವಿಶ್ವಕಪ್‌ನಲ್ಲಿ ಸ್ಪೇನ್ ಪರ ನಾಲ್ಕು ಪಂದ್ಯಗಳಲ್ಲಿ 6 ಗೋಲು ಬಿಟ್ಟುಕೊಟ್ಟರು. ತಡೆದದ್ದು ಒಂದೇ ಒಂದು. ಎರಡನ್ನೂ ಆಧರಿಸಿ ಅಭಿಮಾನಿಗಳು ಘನವಾದ ಸಿದ್ಧಾಂತಗಳನ್ನು ಕಟ್ಟಿದರು. ಏಳೆಂಟು ಹೊಡೆತಗಳ ಮೇಲೆ ಸಿದ್ಧಾಂತ ಕಟ್ಟುವವರಿಗೆ ನಾಣ್ಯ ಚಿಮ್ಮುವ ಆಟ ಸಾಕು, ಫುಟ್‌ಬಾಲ್ ಬೇಕಿಲ್ಲ.

ಈಗಿನ ವಿಶ್ಲೇಷಕರು ಇನ್ನೊಂದು ತಕ್ಕಡಿ ಬಳಸುತ್ತಾರೆ. ಪ್ರತಿ ಹೊಡೆತ ಎಲ್ಲಿಂದ ಹೊರಟಿತು, ಗೋಲಿನ ಯಾವ ಮೂಲೆಯತ್ತ ಹೋಯಿತು ಎಂಬುದನ್ನೆಲ್ಲ ಸಾವಿರಾರು ಹಳೆಯ ಹೊಡೆತಗಳೊಂದಿಗೆ ಹೋಲಿಸಿ, ಅದು ಗೋಲಾಗುವ ಸಂಭವ ಎಷ್ಟಿತ್ತು ಎಂದು ಲೆಕ್ಕ ಹಾಕುತ್ತಾರೆ. ಎಲ್ಲ ಸಂಭವಗಳ ಮೊತ್ತ 40 ಆಗಿದ್ದು ಕೀಪರ್ ಬಿಟ್ಟದ್ದು 32 ಗೋಲಾದರೆ, ಅವನು ಎಂಟು ಗೋಲು ಉಳಿಸಿದ ಎಂದರ್ಥ. ಇದು ಕ್ಲೀನ್ ಶೀಟಿಗಿಂತ ಎಷ್ಟೋ ನ್ಯಾಯದ ಅಳತೆ. ಆದರೆ ಷ್ಮೈಕೆಲ್ ಕಾಲಕ್ಕೆ ಈ ತಕ್ಕಡಿ ಬಂದಿರಲಿಲ್ಲ. ಮೇಲಾಗಿ ಇದು ತೂಗುವುದು ಬಂದ ಚೆಂಡನ್ನು ಮಾತ್ರ. ಗೋಲ್‌ಕೀಪರ್ ಸರಿಯಾದ ಜಾಗದಲ್ಲಿ ನಿಂತಿದ್ದರಿಂದ ಹೊಡೆಯಲು ಧೈರ್ಯವಾಗದೆ ಪಕ್ಕಕ್ಕೆ ತಳ್ಳಿದ ಚೆಂಡು, ಅವನು ಮುಂದೆ ಬಂದು ಕೈಯಲ್ಲಿ ಎತ್ತಿಕೊಂಡದ್ದರಿಂದ ಎದುರಾಳಿಯ ತಲೆಗೆ ಸಿಗದೇ ಹೋದ ಚೆಂಡು, ಇವು ಯಾವ ಪಟ್ಟಿಗೂ ಸೇರುವುದಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇರುವುದೇ ಇಲ್ಲಿ.

ಜಾಗದ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಎದುರಾಳಿ ನಡುಭಾಗದಲ್ಲಿ, ಪೆನಾಲ್ಟಿ ಆವರಣದ ಅಂಚಿನಲ್ಲಿ, ಅಂದರೆ 16.5 ಮೀಟರ್ ದೂರದಲ್ಲಿದ್ದಾನೆ. ಕೀಪರ್ ಗೆರೆಯ ಮೇಲೆಯೇ ನಿಂತರೆ 7.32 ಮೀಟರ್ ಕಾಯಬೇಕು. ಮೂರು ಮೀಟರ್ ಮುಂದೆ ಬಂದರೆ, ಸಮರೂಪ ತ್ರಿಭುಜಗಳ ನಿಯಮದಂತೆ, ಕಾಯಬೇಕಾದ ಅಗಲ ಸುಮಾರು 6 ಮೀಟರ್‌ಗೆ ಇಳಿಯುತ್ತದೆ. ಹಾಗಾದರೆ ಮುಂದೆ ಬರುವುದೇ ಲಾಭ ಎನ್ನಿಸುತ್ತದೆ. ಆದರೆ ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡು ಗೆರೆ ಮುಟ್ಟಲು 0.66 ಸೆಕೆಂಡು ಬೇಕಿದ್ದರೆ, ಮುಂದೆ ಬಂದವನನ್ನು 0.54 ಸೆಕೆಂಡಿನಲ್ಲೇ ತಲುಪುತ್ತದೆ. ಕಣ್ಣು ಕಂಡದ್ದಕ್ಕೆ ಸ್ನಾಯು ಸ್ಪಂದಿಸಲು ಸುಮಾರು 0.2 ಸೆಕೆಂಡು ಹೇಗೂ ಕಳೆಯಬೇಕು. ಹಾರಲು ಉಳಿಯುವ ಹೊತ್ತು ಕಾಲು ಭಾಗ ಕಡಿಮೆಯಾಗುತ್ತದೆ. ಕೈ ಚಾಚಿದ ಮೇಲೂ ಹಾರಿ ಮುಟ್ಟಬೇಕಾದ ದೂರವೂ ಕಾಲು ಭಾಗದಷ್ಟೇ ಕಡಿಮೆಯಾಗುತ್ತದೆ. ಹತ್ತಿರ ಹತ್ತಿರ ಸರಿಸಮ! ದೂರದ ಹೊಡೆತಕ್ಕೆ ಮುನ್ನುಗ್ಗಿ ಗಳಿಸುವುದು ಕಡಿಮೆ, ತಲೆಯ ಮೇಲಿಂದ ಚೆಂಡು ಹೋಗುವ ಅಪಾಯ ಬೇರೆ.

ಎದುರಾಳಿ ಆರೇ ಮೀಟರ್ ದೂರಕ್ಕೆ ನುಗ್ಗಿ ಬಂದಾಗ ಕಥೆಯೇ ಬೇರೆ. ಚೆಂಡು ಕಾಲು ಸೆಕೆಂಡಿನೊಳಗೆ ಗೋಲು ಸೇರುವಲ್ಲಿ ಪ್ರತಿಕ್ರಿಯೆಯನ್ನು ನೆಚ್ಚಿ ಪ್ರಯೋಜನವಿಲ್ಲ. ಆದರೆ ಕೀಪರ್ ನಾಲ್ಕು ಮೀಟರ್ ಮುಂದೆ ಬಂದು ನಿಂತರೆ ಕಾಯಬೇಕಾದ ಅಗಲ 2.44 ಮೀಟರ್ ಮಾತ್ರ. ಆರಡಿ ಮೀರಿದ ಆಳು ಕೈಕಾಲು ಅಗಲಿಸಿ ಎಗರಿದರೆ ಅದರ ಬಹುಭಾಗ ದೇಹದಿಂದಲೇ ಮುಚ್ಚಿಹೋಗುತ್ತದೆ. ಷ್ಮೈಕೆಲ್ ಅವರ ಆ ಪ್ರಸಿದ್ಧ ನಕ್ಷತ್ರಾಕಾರದ ಜಿಗಿತ ಹ್ಯಾಂಡ್‌ಬಾಲ್ ಗೋಲ್‌ಕೀಪರ್‌ಗಳ ವರಸೆ. ಹ್ಯಾಂಡ್‌ಬಾಲ್‌ನಲ್ಲಿ ಹೊಡೆತಗಳೆಲ್ಲ ಹತ್ತಿರದವೇ. ಅಬ್ಬರದಂತೆ ಕಾಣುತ್ತಿದ್ದ ಅವರ ಮುನ್ನುಗ್ಗುವಿಕೆ ಹೀಗೆ ಪಕ್ಕಾ ರೇಖಾಗಣಿತ.

ಸರಿಯಾದ ಜಾಗದಲ್ಲಿ ನಿಂತವನ ತಡೆ ಸುಲಭದ್ದಾಗಿ ಕಾಣುತ್ತದೆ ಎಂಬುದೇ ಈ ಕಸುಬಿನ ದುರದೃಷ್ಟ. 1968ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ, ವೆಂಬ್ಲಿಯಲ್ಲಿ, ಪಂದ್ಯ 1–1 ಇದ್ದಾಗ ಕೊನೆಯ ನಿಮಿಷಗಳಲ್ಲಿ ಬೆನ್ಫಿಕಾದ ಯುಸೇಬಿಯೊ ಒಬ್ಬರೇ ನುಗ್ಗಿ ಬಂದು ಬಲವಾಗಿ ಹೊಡೆದರು. ಯುನೈಟೆಡ್‌ನ ಅಲೆಕ್ಸ್ ಸ್ಟೆಪ್ನಿ ಚೆಂಡನ್ನು ತಳ್ಳಲಿಲ್ಲ, ಎದೆಗವಚಿ ಹಿಡಿದರು. ಯುಸೇಬಿಯೊ ನಿಂತು ಚಪ್ಪಾಳೆ ತಟ್ಟಿದರು. ಯುನೈಟೆಡ್ ಹೆಚ್ಚುವರಿ ಸಮಯದಲ್ಲಿ 4–1ರಿಂದ ಗೆದ್ದಿತು. ನಮ್ಮ ಊರಿನ ವಾದಗಳಲ್ಲಿ ಸ್ಟೆಪ್ನಿ ಹೆಸರು ಬರುವುದೇ ಇಲ್ಲ.

ಮಳೆಯ ಮಾತು ಬಿಟ್ಟರೆ ಮಲೆನಾಡಿಗರಿಗೆ ಸಮಾಧಾನವಿಲ್ಲ. ಮ್ಯಾಂಚೆಸ್ಟರ್ ಮಳೆಯೂರು ಎಂದು ಇಂಗ್ಲೆಂಡಿನಲ್ಲಿ ಪ್ರತೀತಿ. ಅಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರ್‌ಗೂ ಕಡಿಮೆ. ಸರಾಸರಿ 7,000 ಮಿಲಿಮೀಟರ್ ಮೀರುವ ಆಗುಂಬೆಯವರು ಇದನ್ನು ಕೇಳಿ ನಕ್ಕರೆ ತಪ್ಪಿಲ್ಲ. ಆದರೂ ಒದ್ದೆ ಮೈದಾನ ಗೋಲ್‌ಕೀಪರ್‌ಗೆ ಎಲ್ಲೆಡೆ ಒಂದೇ ಕಾಟ. ನೆಲಕ್ಕೆ ತಾಗಿದ ಚೆಂಡು "ವೇಗ ಪಡೆಯಿತು" ಎಂದು ವೀಕ್ಷಕ ವಿವರಣೆಕಾರರು ಹೇಳುತ್ತಾರೆ. ಚೆಂಡು ವೇಗ ಪಡೆಯುವುದಿಲ್ಲ. ಒಣ ನೆಲದ ಘರ್ಷಣೆಯಲ್ಲಿ ಕಳೆದುಕೊಳ್ಳಬೇಕಿದ್ದಷ್ಟನ್ನು ಒದ್ದೆ ಹುಲ್ಲಿನ ಮೇಲೆ ಕಳೆದುಕೊಳ್ಳುವುದಿಲ್ಲ, ಅಷ್ಟೆ. ಒಣ ನೆಲಕ್ಕೆ ಪಳಗಿದ ಮಿದುಳಿನ ಅಂದಾಜು ಅಲ್ಲಿ ತಪ್ಪುತ್ತದೆ.

ಆ ಮಿದುಳಿನ ಬಗ್ಗೆಯೂ ಒಂದು ಮಾತು. ಡಬ್ಲಿನ್ ಸಿಟಿ ವಿಶ್ವವಿದ್ಯಾಲಯದ ಮೈಕಲ್ ಕ್ವಿನ್ ಸ್ವತಃ ವೃತ್ತಿಪರ ಗೋಲ್‌ಕೀಪರ್ ಆಗಿದ್ದವರು. ಅವರ ತಂಡ 60 ಮಂದಿಯನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು: ವೃತ್ತಿಪರ ಗೋಲ್‌ಕೀಪರ್‌ಗಳು, ಇತರ ಸ್ಥಾನಗಳ ವೃತ್ತಿಪರ ಆಟಗಾರರು, ಆಟವೇ ಆಡದವರು. ಪರದೆಯ ಮೇಲೆ ಒಮ್ಮೆ ಮಿಂಚಿಸಿ ಎರಡು ಸಲ ಬೀಪ್ ಶಬ್ದ ಮಾಡಿದರೆ ನಮ್ಮಲ್ಲಿ ಬಹುತೇಕರಿಗೆ ಎರಡು ಮಿಂಚು ಕಂಡಂತಾಗುತ್ತದೆ; ಕಿವಿ ಕಣ್ಣನ್ನು ಮೋಸಗೊಳಿಸುತ್ತದೆ. ಗೋಲ್‌ಕೀಪರ್‌ಗಳು ಈ ಮೋಸಕ್ಕೆ ಬಿದ್ದದ್ದು ಕಡಿಮೆ. ಕಂಡದ್ದನ್ನೂ ಕೇಳಿದ್ದನ್ನೂ ಅವರ ಮಿದುಳು ಹೆಚ್ಚು ನಿಖರವಾಗಿ, ಕಿರಿದಾದ ಕಾಲಾವಧಿಯಲ್ಲಿ ಬಿಡಿಸಿ ನೋಡುತ್ತದೆ. ಅಭ್ಯಾಸದಿಂದ ಹೀಗಾಯಿತೋ, ಹೀಗಿದ್ದವರೇ ಗೋಲ್‌ಕೀಪರ್ ಆದರೋ ಎಂಬುದನ್ನು ಆ ಪ್ರಯೋಗ ತೀರ್ಮಾನಿಸುವುದಿಲ್ಲ.

ಆಟದ ನಿಯಮವೂ ಈ ಕಸುಬನ್ನು ತಿರುಚಿದೆ. ತನ್ನವರೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟಬಾರದು ಎಂಬ ನಿಯಮ ಬಂದದ್ದು 1992ರಲ್ಲಿ, ಷ್ಮೈಕೆಲ್ ಯುನೈಟೆಡ್ ಸೇರಿದ ಮರುವರ್ಷ. ಡಚ್ ಕ್ಲಬ್ ಅಯಾಕ್ಸ್‌ನಲ್ಲಿ ಪಳಗಿ ಬಂದ ವಾನ್ ಡೆರ್ ಸಾರ್ ಅವರಿಗೆ ಎರಡೂ ಕಾಲು ಒಗ್ಗಿದ್ದವು. ಡಿ ಹೇಯಾ ಕೊನೆಯ ವರ್ಷಗಳಲ್ಲಿ ಟೀಕೆಗೆ ಗುರಿಯಾದದ್ದೇ ಕಾಲಿನ ಆಟಕ್ಕೆ.

ವಯಸ್ಸಿನ ಲೆಕ್ಕದಲ್ಲಿ ನಾನು ಷ್ಮೈಕೆಲ್ ಪಕ್ಷದವನಾಗಬೇಕು. ಆದರೂ ನನ್ನ ಮತ ವಾನ್ ಡೆರ್ ಸಾರ್ ಅವರಿಗೆ. 2008–09ರ ಲೀಗ್‌ನಲ್ಲಿ ಅವರು ಸತತ 1,311 ನಿಮಿಷ ಗೋಲು ಬಿಡಲಿಲ್ಲ ಎಂಬುದು ಕಾರಣವಲ್ಲ. ಅವರ ಮುಂದೆ ಫರ್ಡಿನಂಡ್ ಮತ್ತು ವಿಡಿಚ್‌ರಂಥ ರಕ್ಷಣಾ ಆಟಗಾರರು ನಿಂತಿದ್ದರು. ಕಾರಣ 2008ರ ಮೇ 21ರ ಮಾಸ್ಕೋ, ಚೆಲ್ಸಿ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್.

ಪೆನಾಲ್ಟಿಯಲ್ಲಿ ಚೆಂಡು 11 ಮೀಟರ್ ದೂರದಲ್ಲಿರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದರೆ 0.4 ಸೆಕೆಂಡಿನಲ್ಲಿ ಗೋಲಿನೊಳಗೆ. ನೋಡಿ ಹಾರಲು ಹೊತ್ತಿಲ್ಲ, ಮೊದಲೇ ಊಹಿಸಿ ಹಾರಬೇಕು. ಹೀಗಾಗಿ ಪೆನಾಲ್ಟಿ ಎಂದರೆ ಎರಡು ಮನಸ್ಸುಗಳ ಜೂಜು. ಬಾಸ್ಕ್ ಪ್ರಾಂತ್ಯದ ಅರ್ಥಶಾಸ್ತ್ರಜ್ಞ ಇಗ್ನಾಸಿಯೊ ಪಲಾಸಿಯೋಸ್ ಹುಯೆರ್ತಾ 1,417 ಪೆನಾಲ್ಟಿಗಳನ್ನು ಅಧ್ಯಯನ ಮಾಡಿ 2003ರಲ್ಲಿ ತೋರಿಸಿದ್ದು ಇದು: ಒಳ್ಳೆಯ ಆಟಗಾರರು ಎಡಬಲಗಳನ್ನು ಎದುರಾಳಿಗೆ ಊಹಿಸಲಾಗದಂತೆ, ಆಟಸಿದ್ಧಾಂತದ ಗಣಿತ ಹೇಳುವ ಪ್ರಮಾಣದಲ್ಲೇ ಬೆರೆಸುತ್ತಾರೆ. ಮಾಸ್ಕೋದ ಆ ಫೈನಲ್‌ಗೆ ಮುನ್ನ ಅವರ ಸಲಹಾ ವರದಿ ಚೆಲ್ಸಿ ತಂಡದ ಕೈಸೇರಿತ್ತು. ವಾನ್ ಡೆರ್ ಸಾರ್ ಹೆಚ್ಚಾಗಿ ಹೊಡೆಯುವವನ ಸಹಜ ದಿಕ್ಕಿಗೆ (ಬಲಗಾಲಿನವನಾದರೆ ಕೀಪರ್‌ನ ಬಲಕ್ಕೆ) ಹಾರುತ್ತಾರೆ, ಆದ್ದರಿಂದ ವಿರುದ್ಧ ದಿಕ್ಕಿಗೆ ಹೊಡೆಯಿರಿ ಎಂಬುದು ಅದರ ಸಾರ.

ಪಂದ್ಯ 1–1ರಲ್ಲಿ ಸಮವಾಗಿ ಶೂಟೌಟ್, ಅಂದರೆ ಎರಡೂ ತಂಡಗಳು ಸರದಿಯಂತೆ ಪೆನಾಲ್ಟಿ ಹೊಡೆಯುವ ಘಟ್ಟ, ಶುರುವಾಯಿತು. ಚೆಲ್ಸಿಯ ಮೊದಲ ಆರೂ ಹೊಡೆತಗಳು ಗೋಲ್‌ಕೀಪರ್‌ನ ಎಡಕ್ಕೇ ಹೋದವು. ಜಾನ್ ಟೆರಿ ಜಾರಿ ಚೆಂಡನ್ನು ಕಂಬಕ್ಕೆ ಬಡಿಯದಿದ್ದರೆ ಅಲ್ಲಿಗೇ ಕಪ್ ಚೆಲ್ಸಿಯದಾಗುತ್ತಿತ್ತು. ಏಳನೆಯವರಾಗಿ ನಿಕೋಲಾ ಅನೆಲ್ಕಾ ಬಂದು ನಿಂತರು. ಆಗ ವಾನ್ ಡೆರ್ ಸಾರ್ ತಮ್ಮ ಎಡಗಡೆಗೆ ಕೈ ಮಾಡಿ ತೋರಿಸಿದರು: ನೀವೆಲ್ಲ ಹೊಡೆಯುವುದು ಇಲ್ಲಿಗೇ ಅಲ್ಲವೇ? ಅನೆಲ್ಕಾ ಈಗೇನು ಮಾಡಬೇಕು? ಎಡಕ್ಕೆ ಹೊಡೆದರೆ ಕೀಪರ್‌ಗೆ ಗೊತ್ತಿದೆ. ಗೊತ್ತಿದೆ ಎಂಬುದು ತನಗೂ ಗೊತ್ತಿದೆ. ಅವರು ಕೀಪರ್‌ನ ಬಲಕ್ಕೆ, ನಡು ಎತ್ತರದಲ್ಲಿ ಹೊಡೆದರು. ವಾನ್ ಡೆರ್ ಸಾರ್ ಬಲಕ್ಕೇ ಹಾರಿದ್ದರು. ಕಪ್ ಯುನೈಟೆಡ್‌ಗೆ ಬಂತು.

ಶೂಟೌಟಿನ ತಡೆಗಳು ಕ್ಲೀನ್ ಶೀಟಿನ ಲೆಕ್ಕಕ್ಕೂ ಬರುವುದಿಲ್ಲ, ತಡೆದ ಪ್ರಮಾಣದ ಲೆಕ್ಕಕ್ಕೂ ಸೇರುವುದಿಲ್ಲ. ಆ ರಾತ್ರಿಯ ಅಂಕಿಅಂಶದಲ್ಲಿ ವಾನ್ ಡೆರ್ ಸಾರ್ ಹೆಸರಿನ ಮುಂದಿರುವುದು ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಒಂದು ಗೋಲು.