ಹಳೆ ಕಾರಿನ ಆಯಿಲ್ ಪ್ರೆಷರ್: ದೀಪ ಹತ್ತಿದ್ದು ಯಾವಾಗ?

ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರು. ಗಂಟೆಗಟ್ಟಲೆ ಓಡಿ ಇಂಜಿನ್ ಚೆನ್ನಾಗಿ ಕಾದಿದೆ. ಎಲ್ಲೋ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟಾಗ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಿಣಕ್ ಮಿಣಕ್ ಅನ್ನುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರಿಹೋಗುತ್ತದೆ. ಇಂಥ ಹೊತ್ತಿನಲ್ಲಿ ಕೇಳಿಬರುವ ಸಲಹೆ ಎರಡು. ಒಂದು, "ಆಯಿಲ್ ಪಂಪ್ ಹೋಗಿದೆ, ಬದಲಾಯಿಸಿ." ಇನ್ನೊಂದು, "ಸೆನ್ಸರ್ ಹಾಳಾಗಿರುತ್ತೆ, ಬಿಡಿ." ಎರಡೂ ನಿಜವಿರಬಹುದು. ಆದರೆ ಎರಡೂ ನೋಡದೆ ಹೇಳಿದ ಮಾತು. ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ. ದೀಪ ಹತ್ತಿದ್ದು ಯಾವಾಗ? ಇಂಜಿನ್ ತಣ್ಣಗಿದ್ದಾಗಲೋ, ಕಾದಾಗಲೋ? ನಿಧಾನ ತಿರುಗುವಾಗಲೋ, ಜೋರಾಗಿ ತಿರುಗುವಾಗಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಕಾಯಿಲೆ ಎಲ್ಲಿದೆ ಅನ್ನೋದು ಬಹುಪಾಲು ಗೊತ್ತಾಗುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಆಯಿಲ್ ಪಂಪ್ ಪ್ರೆಷರ್ ಹುಟ್ಟಿಸುವುದಿಲ್ಲ. ಅದು ಆಯಿಲನ್ನು ತಳ್ಳುತ್ತದೆ, ಅಷ್ಟೇ. ಹಳೆ ಕಾರುಗಳ ಪಂಪಿನೊಳಗಿನ ಹಲ್ಲುಚಕ್ರಗಳು ಸುತ್ತಿಗೆ ಇಷ್ಟು ಅಂತ ಅಳೆದು ಕೊಟ್ಟ ಹಾಗೆ ಆಯಿಲನ್ನು ಮುಂದಕ್ಕೆ ಕಳಿಸುತ್ತವೆ. ಅದು ಫಿಲ್ಟರ್ ದಾಟಿ, ಇಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್ ಶಾಫ್ಟಿನ ಬೇರಿಂಗ್‌ಗಳಿಗೆ, ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳಿಗೆ, ವಾಲ್ವ್ ತೆರೆಯುವ ಮೇಲಿನ ಕ್ಯಾಮ್ ಶಾಫ್ಟಿಗೆ ಹೋಗಿ, ಸಂದುಗಳಿಂದ ಸೋರಿ ಇಂಜಿನ್ ತಳದ ಆಯಿಲ್ ತೊಟ್ಟಿಯಾದ ಚೇಂಬರ್‌ಗೆ ವಾಪಸ್ ಬೀಳುತ್ತದೆ. ಆ ಸಂದುಗಳು ಎಷ್ಟು ಇಕ್ಕಟ್ಟೋ ಪ್ರೆಷರ್ ಅಷ್ಟು ಜಾಸ್ತಿ. ಸಂದು ಅಗಲವಾದರೆ ಪಂಪ್ ಹೊಸದಿದ್ದರೂ ಪ್ರೆಷರ್ ಬೀಳುತ್ತದೆ. ಕೆಳಗಿನ ಮನೆಯ ನಲ್ಲಿಗಳನ್ನೆಲ್ಲ ತೆರೆದಾಗ ಮೇಲಿನ ಮನೆಯ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದಲ್ಲ, ಹಾಗೆಯೇ ಇದು. ತಪ್ಪು ಟ್ಯಾಂಕಿನದಲ್ಲ.

ಈ ಸಂದಿನ ಲೆಕ್ಕ ಬಹಳ ಕಟ್ಟುನಿಟ್ಟು. 50 ಮಿಲಿಮೀಟರ್ ದಪ್ಪದ ಶಾಫ್ಟಿಗೆ ಬೇರಿಂಗ್ ಸಂದು ಸುಮಾರು 0.05 ಮಿಲಿಮೀಟರ್ ಇರುತ್ತದೆ. ಸಂದಿನಿಂದ ಸೋರುವ ಆಯಿಲ್ ಸಂದಿನ ಅಗಲಕ್ಕೆ ತಕ್ಕಂತೆ ಏರುವುದಿಲ್ಲ, ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಸವೆದು ಸವೆದು ಸಂದು 0.05ರಿಂದ 0.10 ಆದರೆ, ಅದೇ ಪ್ರೆಷರ್‌ನಲ್ಲಿ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಕೂದಲೆಳೆಗಿಂತ ಕಡಿಮೆ ಸವೆತ ಕಾರಿನ ನಡವಳಿಕೆಯನ್ನೇ ಬದಲಿಸುವುದು ಹೀಗೆ.

ಇದಕ್ಕೆ ಬಿಸಿಯೂ ಸೇರಿಕೊಳ್ಳುತ್ತದೆ. ಮಾಮೂಲಿ 10ಡಬ್ಲ್ಯೂ-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಏಳು ಪಟ್ಟು ತೆಳುವಾಗುತ್ತದೆ. ಹಾಗಾಗಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸವೆದ ಇಂಜಿನ್ನೂ ಒಳ್ಳೆ ಪ್ರೆಷರ್ ತೋರಿಸುತ್ತದೆ. ಕಾದ ಮೇಲೆ, ಅದರಲ್ಲೂ ಪಂಪ್ ನಿಧಾನ ತಿರುಗುವ ಐಡ್ಲಿಂಗ್‌ನಲ್ಲಿ, ನಿಜ ಬಣ್ಣ ಬಯಲಾಗುತ್ತದೆ. ಜೋರಾಗಿ ತಿರುಗಿಸಿದರೆ ಮತ್ತೆ ಮುಚ್ಚಿಹೋಗುತ್ತದೆ. ಆಗ ಪಂಪ್ ಬೇಕಾದ್ದಕ್ಕಿಂತ ಜಾಸ್ತಿ ಆಯಿಲ್ ಕೊಡುತ್ತದೆ, ಹೆಚ್ಚಾದದ್ದನ್ನು ರಿಲೀಫ್ ವಾಲ್ವ್ ಹೊರಗೆ ಬಿಡುತ್ತದೆ. ಸವೆತ ಇದ್ದರೂ ಗೇಜ್ ಮುಳ್ಳು ಮೇಲೇ ನಿಂತಿರುತ್ತದೆ.

ಹಾಗಾದರೆ ಗೇಜ್ ತೋರಿಸುವ 3 ಬಾರ್ ಪ್ರೆಷರ್ರೇ ಶಾಫ್ಟನ್ನು ಬೇರಿಂಗ್ ಮುಟ್ಟದಂತೆ ಎತ್ತಿ ಹಿಡಿಯುತ್ತದೆಯೇ? ಇಲ್ಲ. ಇದು ಗೊತ್ತಾದ ಬಗೆ ಬಲು ಸೊಗಸಾಗಿದೆ. 1883ರ ಸುಮಾರಿಗೆ ಬ್ರಿಟನ್‌ನಲ್ಲಿ ಬೋಶಾಂ ಟವರ್ ಎಂಬ ಎಂಜಿನಿಯರ್ ರೈಲು ಗಾಡಿಯ ಅಚ್ಚಿನ ಬೇರಿಂಗ್ ಮೇಲೆ ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಬಿಡಲು ಬೇರಿಂಗಿನ ನೆತ್ತಿಗೆ ತೂತು ಕೊರೆದಿದ್ದ. ಅಚ್ಚು ತಿರುಗುತ್ತಿದ್ದಂತೆ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ, ಹಾರಿಹೋಯಿತು. ಮರದ ಬೆಣೆ ಹೊಡೆದ, ಅದೂ ಹೊರಬಂತು. ಕೊನೆಗೆ ಅಲ್ಲಿಗೆ ಗೇಜ್ ಸಿಕ್ಕಿಸಿದಾಗ ಮುಳ್ಳು 200 ಪಿಎಸ್‌ಐ, ಅಂದರೆ ಸುಮಾರು 14 ಬಾರ್, ದಾಟಿತು. ಬೇರಿಂಗ್ ಮೇಲಿದ್ದ ಭಾರದ ಸರಾಸರಿ ಒತ್ತಡ ಅದರ ಅರ್ಧದಷ್ಟು ಮಾತ್ರ. ತಿರುಗುವ ಅಚ್ಚು ಎಣ್ಣೆಯನ್ನು ತನ್ನ ಜೊತೆಗೇ ಇಕ್ಕಟ್ಟಿನ ಸಂದಿಗೆ ಎಳೆದುಕೊಂಡು, ತನ್ನನ್ನು ಎತ್ತುವ ಒತ್ತಡವನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದು ಕೊಟ್ಟರು.

ಕಾರಿನ ಇಂಜಿನ್‌ನಲ್ಲೂ ಇದೇ ಕಥೆ. ಬೇರಿಂಗ್ ಒಳಗಿನ ಪದರದಲ್ಲಿ ಒತ್ತಡ ನೂರಾರು ಬಾರ್ ಮುಟ್ಟುತ್ತದೆ. ಪಂಪಿನ ಕೆಲಸ ಆ ಪದರಕ್ಕೆ ಆಯಿಲ್ ಕೊರತೆಯಾಗದಂತೆ ನೋಡಿಕೊಳ್ಳುವುದು. ಆದ್ದರಿಂದಲೇ ಭಾರವಿಲ್ಲದ ಐಡ್ಲಿಂಗ್‌ನಲ್ಲಿ ದೀಪ ಮಿನುಗುವುದೂ, ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ದೀಪ ಹತ್ತುವುದೂ ಒಂದೇ ಅಲ್ಲ. ಮೊದಲನೆಯದು ಎಚ್ಚರಿಕೆ, ಪರೀಕ್ಷೆಯನ್ನು ಮುಂದೂಡಬಾರದು. ಎರಡನೆಯದರಲ್ಲಿ ಬೇರಿಂಗ್‌ಗೆ ಆಯಿಲೇ ಹೋಗುತ್ತಿಲ್ಲದಿರಬಹುದು. ತಕ್ಷಣ ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಬೇಕು. "ಮನೆ ಹತ್ತಿರವೇ ಇದೆ" ಅನ್ನುವ ಆಸೆಗೆ ಎಷ್ಟೋ ಕ್ರ್ಯಾಂಕ್ ಶಾಫ್ಟ್‌ಗಳು ಬಲಿಯಾಗಿವೆ.

ಪರೀಕ್ಷೆ ಶುರುವಾಗಬೇಕಾದ್ದು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಿಂದ. ಮಟ್ಟ ಕಡಿಮೆ ಇದ್ದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಆಯಿಲ್ ಒಂದು ಕಡೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಮಟ್ಟ ತಾನಾಗಿಯೇ ಏರಿದ್ದರೆ ಇನ್ನೂ ಕೆಟ್ಟದ್ದು, ಏನೋ ಬಂದು ಬೆರೆತಿದೆ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಗಾಢವಾಗಿದ್ದರೆ ಇಂಧನ ಸೇರಿ ಆಯಿಲ್ ತೆಳುವಾಗಿದೆ. ಹಾಲು ಬೆರೆಸಿದ ಬಣ್ಣವಿದ್ದರೆ ನೀರಿನಂಶ ಸೇರಿದೆ, ಕೂಲೆಂಟ್ ಕಡಿಮೆಯಾಗುತ್ತಿದೆಯಾ ಅಂತಲೂ ನೋಡಬೇಕು. ಜೊತೆಗೆ, ಇಂಜಿನ್‌ಗೆ ಹೇಳಿದ ಗ್ರೇಡಿನ ಆಯಿಲೇ ಒಳಗಿದೆಯಾ ಅನ್ನೋದನ್ನೂ ಖಚಿತ ಮಾಡಿಕೊಳ್ಳಿ.

ಆಮೇಲೆ ದೀಪವನ್ನೇ ಅನುಮಾನಿಸಬೇಕು. ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ವೈರಿನ ಸ್ವಿಚ್ ಇರುತ್ತದೆ. ಪ್ರೆಷರ್ ಇಲ್ಲದಾಗ ಅದು ವೈರನ್ನು ಇಂಜಿನ್ ಬಾಡಿಗೆ ತಾಗಿಸಿ ದೀಪ ಹತ್ತಿಸುತ್ತದೆ. ಆ ವೈರ್ ಕಳಚಿ ಕೀ ಆನ್ ಮಾಡಿ. ಆಗಲೂ ದೀಪ ಉರಿಯುತ್ತಿದ್ದರೆ ವೈರ್ ಎಲ್ಲೋ ಸವೆದು ಬಾಡಿಗೆ ತಾಗಿದೆ. ಕಳಚಿದ ಕನೆಕ್ಟರ್ ಒಳಗೆ ಆಯಿಲ್ ಜಿನುಗಿದ್ದರೆ ಸ್ವಿಚ್ ಒಡೆದಿದೆ. ಇನ್ನೊಂದು ಮಾತು. ಈ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಂದರೆ ದೀಪ ಆರಿದೆ ಅಂದರೆ ಪ್ರೆಷರ್ ಚೆನ್ನಾಗಿದೆ ಅಂತಲ್ಲ. 2 ಬಾರ್ ಇರಬೇಕಾದ ಕಡೆ 0.8 ಇದ್ದರೂ ದೀಪ ಸುಮ್ನೆ ಇರುತ್ತದೆ.

ಆದ್ದರಿಂದ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿ ಅಳೆಯಲೇಬೇಕು. ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಇಂಜಿನ್ ಬಿಚ್ಚಲು ಹೊರಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಣ್ಣಗಿದ್ದಾಗ ಒಮ್ಮೆ, ಪೂರ್ತಿ ಕಾದ ಮೇಲೆ ಐಡ್ಲಿಂಗ್‌ನಲ್ಲಿ, 2000ದಲ್ಲಿ, 3000 ಆರ್‌ಪಿಎಂನಲ್ಲಿ ಅಳೆದು ಬರೆದಿಡಿ. ಆ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಇರುವ ಅಂಕಿಯೇ ಕೊನೆಯ ಮಾತು. ಅದು ಕೈಗೆ ಸಿಗದಿದ್ದರೆ, ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಅನ್ನುವ ಹಳೆ ಅಂದಾಜನ್ನು ಇಟ್ಟುಕೊಳ್ಳಬಹುದು.

ಈಗ ಅಂಕಿಗಳೇ ಮಾತಾಡುತ್ತವೆ. ತಣ್ಣಗಿದ್ದಾಗ ಸರಿ, ಕಾದ ಮೇಲೆ ಐಡ್ಲಿಂಗ್‌ನಲ್ಲಿ ಮಾತ್ರ ಕಡಿಮೆ, ವೇಗ ಹೆಚ್ಚಿಸಿದರೆ ಏರುತ್ತದೆ ಅಂದರೆ ಬೇರಿಂಗ್ ಅಥವಾ ಪಂಪ್ ಸವೆದಿರುವ ಸಂಭವ ಜಾಸ್ತಿ. ತಣ್ಣಗಿರಲಿ ಬಿಸಿಯಿರಲಿ, ಯಾವ ವೇಗದಲ್ಲೂ ಕಡಿಮೆಯೇ ಅಂದರೆ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದಿರಬಹುದು. ಐಡ್ಲಿಂಗ್‌ನಲ್ಲಿ ಪರವಾಗಿಲ್ಲ, ವೇಗ ಏರಿದಂತೆ ಮುಳ್ಳು ಕೆಳಗಿಳಿಯುತ್ತದೆ ಅಥವಾ ನಡುಗುತ್ತದೆ ಅಂದರೆ ಪಂಪಿಗೆ ಆಯಿಲ್ ಸಾಲುತ್ತಿಲ್ಲ. ಚೇಂಬರ್ ತಳದ ಸ್ಟ್ರೈನರ್ ಜಾಲರಿಗೆ ಕಪ್ಪು ಜಿಡ್ಡು, ಪುಡಿಯಾದ ವಾಲ್ವ್ ಸೀಲಿನ ಚೂರು, ಹಿಂದೆ ಯಾರೋ ಧಾರಾಳವಾಗಿ ಮೆತ್ತಿದ ಸಿಲಿಕೋನ್ ಗ್ಯಾಸ್ಕೆಟ್ಟಿನ ತುಣುಕು ಅಂಟಿಕೊಂಡಿರುತ್ತದೆ. ಇಲ್ಲವೇ ಸ್ಟ್ರೈನರ್ ಪೈಪಿನ ರಬ್ಬರ್ ರಿಂಗ್ ಬಿರುಕುಬಿಟ್ಟು ಗಾಳಿ ಎಳೆಯುತ್ತಿರುತ್ತದೆ. ಅಲ್ಪ ಬೆಲೆಯ ರಿಂಗು, ಆದರೆ ಲಕ್ಷಣ ಮಾತ್ರ ಪಂಪ್ ಸತ್ತಂತೆ!

ಸವೆತದ ಅನುಮಾನ ಬಂದರೆ ಹಳೆ ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಮಿಂಚುವ ಕಣಗಳಿದ್ದರೆ ಅಯಸ್ಕಾಂತ ತನ್ನಿ. ಅಂಟಿದರೆ ಕಬ್ಬಿಣ: ಕ್ಯಾಮ್, ಚೈನ್, ಪಂಪ್ ಕಡೆಯದು. ಅಂಟದೆ ಬೆಳ್ಳಗೆ ಮಿನುಗಿದರೆ ಬೇರಿಂಗಿನ ಮೇಲ್ಪದರವಿರಬಹುದು, ಪಿಸ್ಟನ್ನಿನ ಅಲ್ಯೂಮಿನಿಯಂ ಕೂಡ ಇರಬಹುದು. ತಾಮ್ರದ ಬಣ್ಣ ಕಂಡರೆ ಮೆತ್ತನೆಯ ಮೇಲ್ಪದರ ಸವೆದು ಒಳಪದರ ಬಯಲಾಗಿರುವ ಸಾಧ್ಯತೆ ಹೆಚ್ಚು. ಕಿವಿಯನ್ನೂ ಬಳಸಿ. ಮೇಲಿನಿಂದ ಟಿಕ್ ಟಿಕ್ ಸದ್ದು ವಾಲ್ವನ್ನು ಒತ್ತುವ ಟ್ಯಾಪೆಟ್ ಕಡೆಯದು. ಕೆಳಗಿನಿಂದ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಬರುವ ಟಕ್ ಟಕ್ ಸದ್ದು ರಾಡ್ ಬೇರಿಂಗಿನದು. ಅದು ಕೇಳಿಸಿದ ಮೇಲೆ ಕಾರನ್ನು ಓಡಿಸಬಾರದು.

"ದಪ್ಪ ಆಯಿಲ್ ಹಾಕಿಬಿಡಿ, ದೀಪ ಆರುತ್ತೆ" ಅನ್ನುವವರಿದ್ದಾರೆ. ಆರುತ್ತದೆ, ಸುಳ್ಳಲ್ಲ. ಸೋರಿಕೆ ಕಡಿಮೆಯಾಗಿ ಪ್ರೆಷರ್ ಏರುತ್ತದೆ. ತಯಾರಕರ ಪಟ್ಟಿಯಲ್ಲೇ ಇರುವ ಒಂದು ಗ್ರೇಡ್ ದಪ್ಪದ ಆಯಿಲನ್ನು ಅಳೆದು ನೋಡಿದ ಮೇಲೆ ಹಾಕುವುದರಲ್ಲಿ ತಪ್ಪೂ ಇಲ್ಲ. ಆದರೆ ಸ್ಟ್ರೈನರ್ ಕಟ್ಟಿಕೊಂಡ ಇಂಜಿನ್‌ಗೆ ದಪ್ಪ ಆಯಿಲ್ ಹಾಕಿದರೆ ಜಾಲರಿಯಿಂದ ಅದನ್ನು ಎಳೆಯುವುದು ಇನ್ನೂ ಕಷ್ಟ. ಜಿಡ್ಡು ತುಂಬಿದ ಇಂಜಿನ್‌ಗೆ ಒಳಗಿನ ಜಿಡ್ಡು ಕರಗಿಸುವ ಫ್ಲಶ್ ದ್ರಾವಣ ಹಾಕುವುದೂ ಅಪಾಯವೇ. ಕರಗಿ ಕಿತ್ತು ಬಂದ ಜಿಡ್ಡು ನೇರ ಆ ಜಾಲರಿಗೇ ಹೋಗುತ್ತದೆ. ಚೇಂಬರ್ ಇಳಿಸಿ ಕೈಯಿಂದ ತೊಳೆಯುವುದೇ ಸರಿಯಾದ ದಾರಿ.

ಚೇಂಬರ್ ಇಳಿಸಿದಾಗ ಹೇಗೂ ಕೆಳಗಿನಿಂದ ಕೈ ಆಡುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಒಂದು ರಾಡ್ ಕ್ಯಾಪ್ ಬಿಚ್ಚಿ ಬೇರಿಂಗ್ ಶೆಲ್ ನೋಡಬಹುದು. ಅಲ್ಲಿ ಪ್ಲಾಸ್ಟಿಗೇಜ್ ಎಂಬ ಮೇಣದಂಥ ಸಣ್ಣ ಎಳೆ ಇಟ್ಟು, ಹೇಳಿದ ಟಾರ್ಕಿಗೆ ಬಿಗಿದು, ಶಾಫ್ಟ್ ತಿರುಗಿಸದೆ ಮತ್ತೆ ಬಿಚ್ಚಿದರೆ, ಎಳೆ ಎಷ್ಟು ಚಪ್ಪಟೆಯಾಗಿದೆ ಅನ್ನುವುದರಿಂದ ಸಂದಿನ ಅಳತೆ ಸಿಗುತ್ತದೆ. ಜರ್ನಲ್, ಅಂದರೆ ಬೇರಿಂಗ್ ಒಳಗೆ ತಿರುಗುವ ಶಾಫ್ಟಿನ ಭಾಗ, ನುಣ್ಣಗಿದ್ದು ಅಳತೆಯೊಳಗಿದ್ದರೆ ಹೊಸ ಶೆಲ್ ಹಾಕಿದರೆ ಸಾಕು. ಉಗುರು ಎಳೆದಾಗ ಗೀರಿಗೆ ತಡೆದರೆ ಕ್ರ್ಯಾಂಕ್ ಶಾಫ್ಟ್ ಹೊರತೆಗೆದು ಗ್ರೈಂಡಿಂಗ್ ಮಾಡಿಸಿ, ಸಣ್ಣಗಾದ ಶಾಫ್ಟಿಗೆ ಹೊಂದುವ 0.25 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಕೂರಿಸಬೇಕಾಗುತ್ತದೆ. ಪಂಪಿನ ಹಲ್ಲುಗಳ ಸಂದನ್ನು ಫೀಲರ್ ಗೇಜ್‌ನಲ್ಲಿ ಅಳೆಯುವುದಕ್ಕೂ ಅದೇ ಸರಿಯಾದ ಸಮಯ.